ಲೆಕ್ಕದ ಟೀಚರ್ ನಡೆಸಿದ ಆಟ

ಲೆಕ್ಕದ ಟೀಚರ್ ತೀರಿಕೊಂಡರೆಂದು ಸತ್ಯಮಂಗಲದಿಂದ ನರ್ಸಮ್ಮ ಫೋನು ಮಾಡಿದರು. ಟೀಚರ್ ಕೊಳ್ಳೇಗಾಲದಲ್ಲಿ ತಂಗಿಯ ಮನೆಯಲ್ಲಿದ್ದರಂತೆ. ಬೆಳಿಗ್ಗೆ ಕಾಫಿ ಕುಡಿದು ಸ್ವಲ್ಪ ಒರಗುತ್ತೇನೆಂದು ಮಲಗಿದವರು ಏಳಲೇ ಇಲ್ಲವಂತೆ. ಸುದ್ದಿ ಮುಗಿದ ಮೇಲೂ ನರ್ಸಮ್ಮ ಫೋನು ಇಡಲಿಲ್ಲ, ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಕೊನೆಗೆ ಅವರೇ, "ಎಷ್ಟು ಪಾಡು ಪಟ್ಟರು ನಮಗೋಸ್ಕರ" ಎಂದು ನಿಟ್ಟುಸಿರು ಬಿಟ್ಟರು.

ಪಕ್ಕದಲ್ಲಿ ಕೂತಿದ್ದ ನನ್ನ ಮಗಳು, "ಯಾರಮ್ಮ ಅವರು? ನಿನ್ನ ಹೆಡ್‌ಮೇಡಮ್ಮಾ?" ಎಂದು ಕೇಳಿದಳು. ಅಲ್ಲ. ಅವರು ತಾಳವಾಡಿಯ ಹೈಸ್ಕೂಲಿನಲ್ಲಿದ್ದರು, ನಾನು ತಿಗನಾರೆಯ ಪ್ರೈಮರಿ ಶಾಲೆಯಲ್ಲಿದ್ದೆ. ನೆಂಟರಲ್ಲ, ನೆರೆಯವರೂ ಅಲ್ಲ. "ನಮಗೆ ಒಂದು ಆಟ ಆಡಿಸ್ತಿದ್ದರು" ಎಂದೆ. ಅವಳು ನಕ್ಕಳು. ಆಟ ಆಡಿಸಿದವರಿಗಾಗಿ ಯಾರಾದರೂ ಹೀಗೆ ಅಳುತ್ತಾರೆಯೇ ಎಂಬ ನಗು ಅದು.

ಟೀಚರ್ ಎತ್ತರದ, ಸಣಕಲು ಹೆಂಗಸು. ರಸ್ತೆಯನ್ನು ಅಳೆಯಲು ಯಾರೋ ಕಳಿಸಿದ್ದಾರೇನೋ ಎಂಬಂತೆ ಒಂದೇ ಸಮನಾದ ಹೆಜ್ಜೆ ಹಾಕುತ್ತಿದ್ದರು. ಸೀಮೆಸುಣ್ಣದ ಕೈಯನ್ನು ಒರೆಸಿ ಒರೆಸಿ ಅವರ ಎಲ್ಲ ಸೀರೆಗಳಿಗೂ ಬಲ ಸೊಂಟದ ಹತ್ತಿರ ಒಂದು ಬಿಳಿ ಮಚ್ಚೆ ಇರುತ್ತಿತ್ತು. ಯೋಚಿಸುವಾಗ ಎಡಗಣ್ಣು ಮುಚ್ಚುತ್ತಿದ್ದರು. ಅವರೆದುರು ಯಾರೂ "ಸುಮಾರು" ಎಂಬ ಮಾತು ಆಡುವಂತಿರಲಿಲ್ಲ. "ಸುಮಾರು ದೂರ ಇದೆ ಟೀಚರ್" ಎಂದರೆ, "ಸುಮಾರು ಅಂದ್ರೆ ಎಷ್ಟು?" ಎಂದು ನಿಂತುಬಿಡುತ್ತಿದ್ದರು. ಮದುವೆಯಾಗಿರಲಿಲ್ಲ. ಏಕೆಂದು ಕೇಳಿದವರಿಗೆ, "ಬಿಡುವಾಗಲಿಲ್ಲ" ಎನ್ನುತ್ತಿದ್ದರು. ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ತಿಳಿಯದು.

ಆ ಆಟ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಹಡಗಿನಲ್ಲಿ ಎಂಜಿನ್ ಕೆಲಸಕ್ಕಿದ್ದ ಅವರ ತಮ್ಮ ಯಾವುದೋ ಬಂದರಿನಲ್ಲಿ ಇಳಿದಾಗ, ಅಕ್ಕನಿಗೆ ಹೊತ್ತು ಹೋಗಲಿ ಎಂದು ಒಂದು ಡಬ್ಬಿ ಕೊಂಡು ತಂದಿದ್ದ. ಹಾವು ಏಣಿಯಂಥದ್ದು ಏನೋ ಇರಬೇಕು ಎಂದುಕೊಂಡಿದ್ದನಂತೆ. ತೆಗೆದು ನೋಡಿದರೆ ಒಳಗೆ ಹಾಸು ಇಲ್ಲ, ಕಾಯಿ ಇಲ್ಲ. ಸಣ್ಣ ಅಕ್ಷರದ ಇಂಗ್ಲಿಷ್ ಪುಸ್ತಕಗಳು, ಮತ್ತು ಯಾರೂ ಕಂಡರಿಯದ ದಾಳಗಳು. ಬೇಸಿಗೆ ರಜೆಯೆಲ್ಲ ಟೀಚರ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದರು.

"ಇದನ್ನ ಬರೆದವರು ಒಂದು ನಿಯಮ ಹೇಳ್ತಾರೆ. ಅದು ಯಾವಾಗ ಅನ್ವಯಿಸಲ್ಲ ಅಂತ ಹೇಳ್ತಾರೆ. ಆಮೇಲೆ ಬೇರೆ ಪುಟ ನೋಡಿ ಅಂತಾರೆ. ಆ ಪುಟಕ್ಕೆ ಹೋದರೆ ಮತ್ತೆ ಇಲ್ಲಿಗೇ ಅಟ್ಟುತ್ತಾರೆ. ಥೇಟ್ ಸರ್ಕಾರಿ ಕಚೇರಿ" ಎಂದು ನನಗೆ ಹೇಳಿದ್ದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಬೇಸರ ಇರಲಿಲ್ಲ. ಹಸಿದವರಿಗೆ ಊಟ ಸಿಕ್ಕ ಕಳೆ ಇತ್ತು.

ಆಟ ಏನೆಂದರೆ ಇಷ್ಟೇ. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯಬೇಕು. ಒಬ್ಬರು ಮಾತ್ರ ಆಡದೆ ಕಥೆ ನಡೆಸಬೇಕು. "ನೀವು ಘಟ್ಟದ ಬಾಯಿಗೆ ಬಂದಿದ್ದೀರಿ. ಮಂಜು ಕವಿದಿದೆ. ಮುಂದೆ ಯಾರೋ ಕೆಮ್ಮಿದ ಸದ್ದು. ಏನು ಮಾಡ್ತೀರಿ?" ಎಂದು ಕೇಳಬೇಕು. ನಾವು ಏನು ಬೇಕಾದರೂ ಹೇಳಬಹುದು. ಅದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ಅವರು ನಿಯಮ ನೋಡಿ, ದಾಳ ಉರುಳಿಸಿ ತೀರ್ಮಾನಿಸಬೇಕು. ಹೇಳುವುದಕ್ಕೆ ಇಷ್ಟೇ. ನಡೆಸುವುದಕ್ಕೆ ಒಂದು ಸಂಸಾರ ಸಾಗಿಸಿದಷ್ಟು ಗೇಯ್ಮೆ.

ಹೈಸ್ಕೂಲಿನ ಮೇಷ್ಟರುಗಳಿಗೆ ಹೇಳಿದಾಗ ಅವರು ನಕ್ಕುಬಿಟ್ಟರಂತೆ. ಒಂದು ತರಬೇತಿಗೆಂದು ತಾಳವಾಡಿಗೆ ಹೋಗಿದ್ದಾಗ ಟೀಚರ್ ನನ್ನ ಪಕ್ಕ ಕೂತರು. ಪರಿಚಯವಾದ ಕೂಡಲೇ ಕೇಳಿದ್ದು, "ಭಾನುವಾರ ಏನ್ ಮಾಡ್ತೀರಿ?" "ಬಟ್ಟೆ ಒಗೀತೀನಿ" ಎಂದೆ. "ಮಧ್ಯಾಹ್ನ?" ಎಂದರು. ನಾನು ಆಗಿನ್ನೂ ಚಾಮರಾಜನಗರದಿಂದ ಬಂದ ಹೊಸಬಳು. ತಿಗನಾರೆಯ ಒಂದು ದೊಡ್ಡ ಮನೆಯ ಹಿಂದಿನ ಕೋಣೆಯಲ್ಲಿ ಇದ್ದೆ. ಭಾನುವಾರದ ಮಧ್ಯಾಹ್ನಗಳು ನನಗೆ ಬೆಟ್ಟದಷ್ಟು ಭಾರವಾಗಿದ್ದವು. ಬನ್ನಿ ಎಂದೆ.

ಆ ಮನೆ ಶಿವಭಕ್ತ ಒಕ್ಕಲು ಮನೆತನದ್ದು. ಗಂಡಸರು ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ ಕೂತು ಆನೆ ಹಂದಿಗಳನ್ನು ಕಾಯುತ್ತಿದ್ದರು, ಮಧ್ಯಾಹ್ನ ಉಂಡು ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಹಿತ್ತಿಲ ಜಗಲಿ ಹೆಂಗಸರ ಪಾಲಿಗೆ ಖಾಲಿ ಇರುತ್ತಿತ್ತು. ಆಟ ಅಲ್ಲಿಯೇ ನಡೆಯಿತು, ವರ್ಷಗಟ್ಟಲೆ. ಗಂಡಸರಿಗೆ ಎಚ್ಚರವಾಗಬಾರದೆಂದು ನಾವು ಪಿಸುಮಾತಿನಲ್ಲೇ ಕೋಟೆಗೆ ಲಗ್ಗೆ ಹಾಕಿದ್ದೇವೆ, ಪಿಸುಮಾತಿನಲ್ಲೇ ಕಳ್ಳರನ್ನು ಅಟ್ಟಿಸಿಕೊಂಡು ಹೋಗಿದ್ದೇವೆ.

ಆಡಲು ಕೂತವರು ನಾಲ್ಕು ಜನ. ನಾನು, ಆ ಮನೆಯ ಸೊಸೆ ಗೌರಿ, ಊರಿಗೆಲ್ಲ ದೊಡ್ಡವ್ವನಾಗಿದ್ದ ಅವಳ ಅತ್ತೆ, ಮತ್ತು ಸುತ್ತಿನ ಊರುಗಳ ಹೆರಿಗೆ ನೋಡುತ್ತಿದ್ದ ನರ್ಸಮ್ಮ. ನರ್ಸಮ್ಮನದು ತಮಿಳು ಮನೆಮಾತು, ಕನ್ನಡವನ್ನು ನಿಧಾನವಾಗಿ ಆರಿಸಿ ಆರಿಸಿ ಆಡುತ್ತಿದ್ದರು. ಔಷಧಿ ಕೊಡುವ ವೈದ್ಯೆಯ ಪಾತ್ರ ನೀವೇ ಹಿಡಿಯಿರಿ ಎಂದಾಗ, "ವಾರ ಪೂರ್ತಿ ಅದೇ ಮಾಡ್ತೀನಿ, ನನಗೆ ಬೇಡಪ್ಪ. ನಾನು ಕಳ್ಳಿ" ಎಂದರು. ಹಾಗಾಗಿ ವೈದ್ಯೆಯ ಪಾತ್ರ ನನ್ನ ತಲೆಗೆ ಬಂತು. ಗೌರಿ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಇಳಿಯುವ ವ್ಯಾಪಾರಗಾತಿಯಾದಳು. ದೊಡ್ಡವ್ವ ಮೊದಲು, "ಮಕ್ಕಳಾಟ, ನಾನ್ ಬರಕ್ಕಿಲ್ಲ" ಎಂದು ಎಲೆಅಡಿಕೆ ಕುಟ್ಟುತ್ತ ದೂರ ಕೂತಿದ್ದರು. ಅರ್ಧ ಗಂಟೆ ಕೇಳಿಸಿಕೊಂಡ ಮೇಲೆ, "ಕುದ್ರೆ ಸಿಕ್ತದಾ?" ಎಂದರು. ಸಿಗುತ್ತದೆ ಎಂದರು ಟೀಚರ್. "ಕತ್ತಿ?" ಅದೂ ಸಿಗುತ್ತದೆ. "ಕಬ್ಬಿಣದಂಗಿ?" ಟೀಚರ್ ಪುಸ್ತಕ ನೋಡಿ, ಸಿಗುತ್ತದೆ, ಆದರೆ ಭಾರ ಎಂದರು. "ಭಾರ ನಂಗಲ್ವಾ, ಕುದ್ರೆಗೆ ತಾನೇ" ಎಂದು ದೊಡ್ಡವ್ವ ಹತ್ತಿರ ಸರಿದು ಕೂತರು. ಅಂದಿನಿಂದ ಅವರು ಪಾಳೆಯಗಾರರ ಕಾಲದ ಕುದುರೆ ಸವಾರೆ.

ಟೀಚರ್ ತಮ್ಮ ಮುಂದೆ ಒಂದು ಮೊರವನ್ನು ನಿಲ್ಲಿಸಿಕೊಂಡು, ಅದರ ಹಿಂದೆ ತಮ್ಮ ಕಾಗದಗಳನ್ನು ಹರಡಿಕೊಳ್ಳುತ್ತಿದ್ದರು, ಮುಂದೇನಿದೆ ಎಂದು ನಮಗೆ ಕಾಣಬಾರದೆಂದು. ದಾಳಗಳಿಗೆ ದೊಡ್ಡವ್ವ ಹೆಸರಿಟ್ಟರು. ಎಲ್ಲಕ್ಕಿಂತ ಹೆಚ್ಚು ಮುಖಗಳ ಗುಂಡು ದಾಳ ನೆಲ್ಲಿಕಾಯಿ. ಚೂಪು ಮೂಲೆಗಳ ಸಣ್ಣದು ನೆಗ್ಗಿಲಮುಳ್ಳು. "ನೆಲ್ಲಿಕಾಯಿ ಉಳ್ಳುಸು, ಟೀಚರಮ್ಮ, ನೋಡ್ಮ" ಎನ್ನುತ್ತಿದ್ದರು.

ಆ ಪುಸ್ತಕದಲ್ಲಿ ಇದ್ದದ್ದು ಹಿಮ ಬೀಳುವ ನಾಡು, ನಾವು ಕಾಣದ ಮೃಗಗಳು. ಟೀಚರ್ ಅದನ್ನೆಲ್ಲ ಬಿಟ್ಟು, ನಿಯಮಗಳ ಮೂಳೆಯನ್ನಷ್ಟೇ ಇಟ್ಟುಕೊಂಡು ಅದಕ್ಕೆ ನಮ್ಮ ಕಡೆಯ ಮೈ ತುಂಬಿದ್ದರು. ಹೆಸರು ಬೇರೆ ಇಟ್ಟಿದ್ದರೂ ಅದು ನಮ್ಮ ಕಾಡು, ನಮ್ಮ ಘಟ್ಟ, ಕೆಳಗೆ ಹರಿಯುವುದು ನಮ್ಮ ಮೋಯಾರು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಪರದೇಶದ ಹೋಟೆಲುಗಳು ದಾರಿಯ ಛತ್ರಗಳಾದವು. ಒಬ್ಬ ಮನುಷ್ಯ ಎಷ್ಟು ಭಾರ ಹೊತ್ತು ಎಷ್ಟು ದೂರ ನಡೆಯಬಲ್ಲ ಎಂಬ ನಿಯಮ ಅವರಿಗೆ ಅನುಮಾನ ತಂದಿತ್ತು. ಒಂದು ಭಾನುವಾರ ಗೌರಿಯ ತಲೆಯ ಮೇಲೆ ರಾಗಿ ಮೂಟೆ ಹೊರಿಸಿ ಹಿತ್ತಿಲಲ್ಲಿ ನಡೆಸಿ ನೋಡಿದರು. ಆಮೇಲೆ ತಾವೇ ಹೊತ್ತು ನೋಡಿ ನಾಲ್ಕು ಮಾರು ನಡೆಯುವಷ್ಟರಲ್ಲಿ ಕುಸಿದು ಕೂತರು. "ಬರೆದವರು ಮೂಟೆ ಹೊತ್ತವರಲ್ಲ" ಎಂದು ನಿಯಮವನ್ನು ತಿದ್ದಿದರು. ತಿದ್ದಿದ ಮೇಲೆ ಅದೇ ಕಾನೂನು. ಮತ್ತೆ ಯಾರು ಗೋಗರೆದರೂ ಬದಲಿಲ್ಲ.

ನಮಗೆ ವಾರಕ್ಕೊಂದು ಮಧ್ಯಾಹ್ನದ ಆಟ. ಅವರಿಗೆ ವಾರವಿಡೀ ಕೆಲಸ. ನಾವು ಹೋಗಬಹುದಾದ ಊರುಗಳ ನಕ್ಷೆ ಬರೆಯಬೇಕು. ಆ ಊರಲ್ಲಿ ಯಾರ್ಯಾರಿದ್ದಾರೆ, ಯಾರಿಗೆ ಯಾರ ಮೇಲೆ ಮುನಿಸು, ಈ ವಾರ ಮಳೆಯೋ ಬಿಸಿಲೋ, ಕೆಳನಾಡಿನಲ್ಲಿ ಉಪ್ಪಿನ ದರ ಏರಿತೋ ಇಳಿಯಿತೋ, ಹೋದ ಸಲ ನರ್ಸಮ್ಮ ಕದ್ದ ಬೆಳ್ಳಿ ಬಟ್ಟಲನ್ನು ಅದರ ಒಡೆಯ ಹುಡುಕುತ್ತಿದ್ದಾನೋ ಇಲ್ಲವೋ, ದೊಡ್ಡವ್ವನ ಕುದುರೆಯ ಲಾಳ ಎಷ್ಟು ಸವೆದಿದೆ, ಎಲ್ಲ ಅವರ ತಲೆಯಲ್ಲಿರಬೇಕು. ಇಷ್ಟೆಲ್ಲ ಮಾಡಿಕೊಂಡು ಬಂದರೆ ನಾವು ಆ ಊರಿಗೆ ಹೋಗದೆ ಬಲಕ್ಕೆ ತಿರುಗಿ ಇನ್ನೆಲ್ಲಿಗೋ ಹೋಗಿಬಿಡುತ್ತಿದ್ದೆವು. ವಾರದ ದುಡಿಮೆ ಮೊರದ ಹಿಂದೆಯೇ ಉಳಿಯುತ್ತಿತ್ತು. ಟೀಚರ್ ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ.

ಒಮ್ಮೆ ನಾನು ಕೇಳಿದೆ, "ಯಾಕೆ ಟೀಚರ್ ಇಷ್ಟೊಂದು ಕಷ್ಟ? ಅಲ್ಲಿಗೆ ಹೋದಾಗ ಏನೋ ಒಂದು ಹೇಳಿದರಾಯ್ತಲ್ಲ."

"ನೀವು ಯಾವ ಬಾಗಿಲು ತಟ್ಟುತ್ತೀರೋ ನನಗೆ ಗೊತ್ತಿಲ್ಲ ಕಣಮ್ಮ" ಎಂದರು. "ಅದಕ್ಕೇ ಎಲ್ಲಾ ಬಾಗಿಲ ಹಿಂದೆಯೂ ಒಬ್ಬರನ್ನ ಕೂರಿಸಿರಬೇಕು. ನೀವು ತಟ್ಟಿದ ಮೇಲೆ ಅವಸರದಲ್ಲಿ ಹುಟ್ಟಿಸಿದವರಾದರೆ, ಮುಖ ನೋಡಿದರೇ ನಿಮಗೆ ಗೊತ್ತಾಗಿಬಿಡುತ್ತೆ."

ಜಗಳಗಳಿಗೆ ಕೊರತೆ ಇರಲಿಲ್ಲ. ದೊಡ್ಡವ್ವನ ಕುದುರೆ ಸುಸ್ತಾಗುತ್ತದೆ ಎಂಬುದೇ ಅವರಿಗೆ ಒಪ್ಪಿಗೆಯಿರಲಿಲ್ಲ.

"ನನ್ ಕುದ್ರೆ ಯಾಕ ಸುಸ್ತಾಯ್ತದೆ? ಉಳ್ಳಿ ತಿನ್ನಸ್ತಿವ್ನಿ."

"ಹೋದ ವಾರ ಹುರುಳಿ ಮುಗಿಯಿತು ದೊಡ್ಡವ್ವ. ನೀವು ತಗೊಳ್ಳಲಿಲ್ಲ."

"ನೀನ್ ಏಳ್ಬೇಕಾಗಿತ್ತು."

"ನಿಮ್ಮ ಕುದುರೆ, ನಿಮ್ಮ ಹೊಣೆ. ಅದು ನಿಯಮ."

"ನಿನ್ ನಿಯಮಕ್ಕಿಷ್ಟು" ಎಂದು ದೊಡ್ಡವ್ವ ಕವಳ ಉಗಿದು ಬರುತ್ತಿದ್ದರು. ಬಂದು ಕೂತು, "ಸರಿ, ನಡ್ಕೊಂಡೇ ಓಯ್ತೀನಿ. ಮುಂದಕ್ಕೇಳು" ಎನ್ನುತ್ತಿದ್ದರು.

ಇನ್ನು ಗೌರಿಯ ವಿಷಯ. ನಾನು ಆ ಮನೆಗೆ ಬರುವ ಹಿಂದಿನ ವರ್ಷ ಅವಳಿಗೆ ಒಂದು ಹೆಣ್ಣುಮಗು ಹುಟ್ಟಿ, ಒಂದೆರಡು ದಿನ ಇದ್ದು ಹೋಗಿತ್ತು. ಇದನ್ನು ನನಗೆ ಹೇಳಿದ್ದು ಆ ಹೆರಿಗೆ ಮಾಡಿಸಿದ್ದ ನರ್ಸಮ್ಮ. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ದೊಡ್ಡವ್ವ ಅಂತೂ ಎತ್ತುತ್ತಲೇ ಇರಲಿಲ್ಲ. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕೂತು, ಉಪ್ಪು ಹುಳಿಯ ಮಾತಲ್ಲದೆ ಬೇರೆ ಮಾತಿಲ್ಲದೆ ದಿನ ಕಳೆಯುತ್ತಿದ್ದರು. ಆಟದಲ್ಲಿ ಮಾತ್ರ ಒಬ್ಬರಿಗೊಬ್ಬರು "ಆ ಬಂಡೆ ಇಂದ್ಕ ನಿಂತ್ಕೊ", "ನೀವ್ ಮೊದ್ಲೋಗಿ ಅತ್ತೆ" ಎನ್ನುತ್ತಿದ್ದರು.

ಒಂದು ಭಾನುವಾರ ನಾವು ಕಳ್ಳರು ಸುಟ್ಟುಹಾಕಿದ ಒಂದು ಛತ್ರಕ್ಕೆ ಬಂದೆವು. ಅಲ್ಲಿ ಐದು ವರ್ಷದ ಒಂದು ಹೆಣ್ಣುಮಗು ಬದುಕಿ ಉಳಿದಿತ್ತು. ಕಳ್ಳರು ಯಾವ ದಿಕ್ಕಿಗೆ ಹೋದರೆಂದು ಹೇಳಲೆಂದೇ ಟೀಚರ್ ಆ ಮಗುವನ್ನು ಅಲ್ಲಿಟ್ಟಿದ್ದರು. ಮಗು ಕೈ ತೋರಿಸಿತು, ನಾವು ಆ ದಿಕ್ಕಿಗೆ ಹೊರಟೆವು ಎಂದೆವು. ಗೌರಿ ಮಾತ್ರ ಹೊರಡಲಿಲ್ಲ.

"ಟೀಚರ್, ಆ ಮೊಗ ಇವತ್ತು ಎಲ್ ಮನಗ್ತದೆ?"

ಟೀಚರ್ ಮೊರದ ಹಿಂದೆ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲವೆಂದು ಅವರ ಮುಖವೇ ಹೇಳಿತು. "ಯಾಕೆ?" ಎಂದರು.

"ಒಂದನ್ನೇ ಬುಟ್ಟು ಓಗಕ್ಕಾಯ್ತದಾ? ನನ್ನ ಎತ್ತಿನ ಮೇಲೆ ಕೂರಸ್ಕೋತೀನಿ." ಟೀಚರ್ ಅದನ್ನು ಬರೆದುಕೊಳ್ಳುವಷ್ಟರಲ್ಲಿ, "ಅದರ ಎಸರು ನೀಲಿ" ಎಂದಳು.

ಎಲೆಅಡಿಕೆ ಕುಟ್ಟುತ್ತಿದ್ದ ದೊಡ್ಡವ್ವನ ಕೈ ನಿಂತಿತು. ಆಮೇಲೆ ಮತ್ತೆ ಕುಟ್ಟತೊಡಗಿತು. ಹೆರಿಗೆಯ ಕೋಣೆಯಲ್ಲಿ ಗೌರಿ ಮಗುವಿನ ಕಿವಿಯ ಹತ್ತಿರ ಅನ್ನುತ್ತಿದ್ದುದು ಅದೇ ಹೆಸರೆಂದು ನರ್ಸಮ್ಮ ಆ ಸಂಜೆ ನನಗೆ ಹೇಳಿದರು. ಟೀಚರ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು, ತಂಡಕ್ಕೆ ಇನ್ನೊಂದು ಜೀವ ಸೇರಿತು, ಕೆಲಸ ಹೆಚ್ಚಿತು ಎಂಬುದು. ಮುಂದಿನ ವಾರ ಬರುವಷ್ಟರಲ್ಲಿ ಅವರು ಐದು ವರ್ಷದ ಮಗು ಎಷ್ಟು ಉಣ್ಣುತ್ತದೆ, ಎಷ್ಟು ದೂರ ನಡೆದರೆ ಅಳುತ್ತದೆ, ಮಂಜಿನಲ್ಲಿ ನೆನೆದರೆ ಜ್ವರ ಬರುವ ಸಂಭವ ಎಷ್ಟು ಎಂದು ನಿಯಮ ಮಾಡಿಕೊಂಡು ಬಂದಿದ್ದರು. ಗೌರಿ ಆ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಬಿಟ್ಟಳು. ಆ ಮಳೆಗಾಲವೆಲ್ಲ ನೀಲಿ ನಮ್ಮ ಜೊತೆಗಿದ್ದಳು. ಹಲ್ಲು ಬಿತ್ತು. ದೊಡ್ಡವ್ವನ ಕತ್ತಿ ಹಿಡಿಯಲು ಹೋಗಿ ಬೆರಳು ಕೊಯ್ದುಕೊಂಡಳು. ಅದಕ್ಕೆ ನಾನು ಸೊಪ್ಪು ಅರೆದು ಕಟ್ಟಿದೆ.

ಆಮೇಲೆ ನದಿ ಬಂತು.

ನೀರು ಏರಿತ್ತು. ದೊಡ್ಡವ್ವ, ನರ್ಸಮ್ಮ, ನಾನು ದಾಟಿ ಆಗಿತ್ತು. ಗೌರಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಗ್ಗ ಹಿಡಿದು ನಡುನೀರಿನಲ್ಲಿದ್ದಳು. ಟೀಚರ್ ದಾಳ ಹಾಕಲು ಹೇಳಿದರು. ಗೌರಿ ಹಾಕಿದಳು. ಕೆಟ್ಟದಾಗಿ ಬಿತ್ತು.

"ಮೇಲಿನಿಂದ ಒಂದು ಮರದ ದಿಮ್ಮಿ ಬಂದು ಬಡಿಯಿತು" ಎಂದರು ಟೀಚರ್. "ನಿಮ್ಮ ಕೈಲಿ ಹಗ್ಗ ಇದೆ. ಬೆನ್ನಿನ ಕಟ್ಟು ಬಿಚ್ಚಿ ಮಗು ನೀರಿಗೆ ಬಿತ್ತು. ಈಗ ಮಗುವಿನ ಪಾಲಿಗೆ ಒಂದು ದಾಳ." ಮಗುವಿಗೆ ಶಕ್ತಿ ಎಷ್ಟೆಂದು ನಮಗೆಲ್ಲ ಗೊತ್ತಿತ್ತು. ಬಹಳ ದೊಡ್ಡ ಅಂಕಿ ಬಿದ್ದರೆ ಮಾತ್ರ ಉಳಿಯುತ್ತಿತ್ತು.

ಟೀಚರ್ ನೆಲ್ಲಿಕಾಯಿ ಎತ್ತಿಕೊಳ್ಳಲು ಹೋದರು. ಗೌರಿ ಅದರ ಮೇಲೆ ಕೈ ಇಟ್ಟಳು.

"ಬ್ಯಾಡಿ ಟೀಚರ್."

"ಗೌರಮ್ಮ, ನಿಯಮ..."

"ಬ್ಯಾಡಿ."

ಟೀಚರ್ ಅವಳ ಮುಖ ನೋಡಿದರು, ನರ್ಸಮ್ಮನ ಮುಖ ನೋಡಿದರು. ಏನೋ ಇದೆ ಎಂದು ಆಗ ಅವರಿಗೆ ಹೊಳೆದಿರಬೇಕು. ಪುಸ್ತಕ ತೆರೆದು ಪುಟ ಮಗುಚತೊಡಗಿದರು. ಒಂದು ಪುಸ್ತಕ ಮುಗಿಯಿತು, ಇನ್ನೊಂದು ತೆಗೆದರು. ನಡುಮನೆಯಿಂದ ಗೊರಕೆ ಕೇಳುತ್ತಿತ್ತು. ಟೀಚರ್ ಬೆರಳು ಸಾಲುಗಳ ಮೇಲೆ ಓಡುತ್ತಿತ್ತು, ಹುಡುಕಿದ್ದು ಸಿಗುತ್ತಿರಲಿಲ್ಲ.

ಆಗ ದೊಡ್ಡವ್ವ, "ನಾನ್ ಎಲ್ಲಿವ್ನಿ?" ಎಂದರು.

"ನೀವು ಆಗಲೇ ದಡದಲ್ಲಿದ್ದೀರಿ ದೊಡ್ಡವ್ವ."

"ಅಂಗಾರೆ ನಾನ್ ನೀರ್ಗ ಬೀಳ್ತೀನಿ."

ಟೀಚರ್ ಪುಸ್ತಕ ಕೆಳಗಿಟ್ಟರು. "ನಿಮ್ಮ ಮೈ ಮೇಲೆ ಕಬ್ಬಿಣದಂಗಿ ಇದೆ. ಬಿಚ್ಚೋಕೆ ಹೊತ್ತು ಹಿಡಿಯುತ್ತೆ. ಬಿಚ್ಚದೆ ಬಿದ್ದರೆ ಮುಳುಗ್ತೀರಿ. ಅದಕ್ಕೆ ದಾಳವೂ ಇಲ್ಲ."

"ಮುಳುಗ್ದ್ರೆ ಮುಳುಗ್ಲಿ. ಮುಳುಗೋಕ್ ಮುಂಚೆ ಮೊಗನ ಎತ್ತಿ ದಡಕ್ಕ ಎಸಿಯಕ್ಕಾಯ್ತದಾ ಇಲ್ವಾ? ಅಷ್ಟೇಳು."

ಟೀಚರ್ ಎಡಗಣ್ಣು ಮುಚ್ಚಿದರು. ನೀರಿನ ಸೆಳೆತ, ದೂರ, ದೊಡ್ಡವ್ವನ ತೋಳಿನ ಬಲ, ಎಲ್ಲ ಕೂಡಿ ಕಳೆಯುತ್ತಿದ್ದಾರೆಂದು ಕಾಣುತ್ತಿತ್ತು. "ಒಂದು ಸಲ ಪ್ರಯತ್ನ ಮಾಡಬಹುದು" ಎಂದರು.

"ಒಂದ್ ಸಲ ಸಾಕು ಬುಡು."

ದೊಡ್ಡವ್ವ ಸೊಸೆಯ ಕೈಯನ್ನು ಮೆಲ್ಲಗೆ ಸರಿಸಿ ದಾಳ ಎತ್ತಿಕೊಂಡರು. ಯಾವತ್ತೂ ಬಯ್ದುಕೊಂಡೇ ದಾಳ ಎಸೆಯುತ್ತಿದ್ದವರು ಅಂದು ಅದನ್ನು ಕಣ್ಣಿಗೊತ್ತಿಕೊಂಡು ಎಸೆದರು. ಅದು ಉರುಳಿ ಮೊರಕ್ಕೆ ತಾಗಿ ನಿಂತಿತು. ಬೇಕಾದದ್ದಕ್ಕಿಂತ ಒಂದು ಹೆಚ್ಚೇ ಬಿದ್ದಿತ್ತು.

"ಮಗು ದಡ ಸೇರಿತು" ಎಂದರು ಟೀಚರ್. "ದೊಡ್ಡವ್ವ, ನೀವು..."

"ಗೊತ್ತು ಬುಡು" ಎಂದು ದೊಡ್ಡವ್ವ ತಮ್ಮ ಸವಾರೆಯ ವಿವರ ಬರೆದಿದ್ದ ಕಾಗದವನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಗೌರಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ದೊಡ್ಡವ್ವ ಅವಳ ಬೆನ್ನ ಮೇಲೆ ಕೈ ಇಟ್ಟು, "ಅಳಬ್ಯಾಡ ಕಣವ್ವ. ಈ ಸಲ ಉಳೀತಲ್ಲ" ಎಂದರು.

ಆ ಮಾತು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಅಂದು ಸಂಜೆ ಅಡಿಗೆಮನೆಯಿಂದ ಅತ್ತೆ ಸೊಸೆ ಮಾತಾಡುವುದು ನನ್ನ ಕೋಣೆಗೆ ಕೇಳುತ್ತಿತ್ತು, ಬಹಳ ಹೊತ್ತು. ಏನೆಂದು ನಾನು ಕಿವಿಗೊಡಲಿಲ್ಲ.

ಟೀಚರನ್ನು ಬಸ್ಸಿನವರೆಗೆ ಬಿಡಲು ಹೋದಾಗ ದಾರಿಯಲ್ಲಿ ನಾನೇ ವಿಷಯ ಹೇಳಿದೆ. ಅವರು ನಡುರಸ್ತೆಯಲ್ಲಿ ನಿಂತುಬಿಟ್ಟರು.

"ನದಿಯ ಆಳ ಲೆಕ್ಕ ಹಾಕಿದ್ದೆ" ಎಂದರು. "ಹಗ್ಗದ ಬಲ, ಎತ್ತಿನ ಭಾರ, ಎಲ್ಲ. ಎದುರಿಗೆ ಕೂತವರು ಏನು ಹೊತ್ತುಕೊಂಡು ಬಂದಿದ್ದಾರೆ ಅಂತ ಒಂದು ದಿನವೂ ಕೇಳಲಿಲ್ಲವಲ್ಲ ನಾನು." ಮುಂದೆ ಆಟದಲ್ಲಿ ಒಂದು ಹೊಸ ನಿಯಮ ಬಂತು. ಯಾರಿಗಾದರೂ ಬೇಡವೆನಿಸಿದರೆ ದಾಳದ ಮೇಲೆ ಕೈ ಇಡಬಹುದು. ಇಟ್ಟರೆ ಆ ದಾಳ ಬೀಳುವುದಿಲ್ಲ, ಕಾರಣ ಕೇಳುವಂತಿಲ್ಲ. ಅಚ್ಚಾದ ಪುಸ್ತಕದಲ್ಲಿ ಅದು ಇರಲಿಲ್ಲ. ವರ್ಷಗಟ್ಟಲೆ ಆಡಿದರೂ ಅದನ್ನು ಯಾರೂ ಬಳಸಲಿಲ್ಲ. ಇದೆ ಎಂಬುದೇ ಸಾಕಾಗಿತ್ತು.

ದೊಡ್ಡವ್ವ ಹೊಸ ಪಾತ್ರ ಹಿಡಿಯಬೇಕಾಯಿತು. ನಿಯಮದ ಪ್ರಕಾರ ಮೊದಲಿನಿಂದ ಶುರು. ಕುದುರೆಯಿಲ್ಲ, ಕತ್ತಿಯಿಲ್ಲ. "ಇಷ್ಟ್ ವರ್ಷ ಗೇದುದ್ದೆಲ್ಲ ನೀರ್ಪಾಲು" ಎಂದು ಗೊಣಗಿಕೊಂಡೇ ಒಬ್ಬ ಕತ್ತೆ ಹೊಡೆಯುವವಳಾದರು. ಗೌರಿಗೆ ಆಮೇಲೆ ಒಂದು ಗಂಡುಮಗುವಾಯಿತು. ಅದನ್ನು ತೊಡೆಯ ಮೇಲೆ ಹಾಕಿಕೊಂಡೇ ಆಡಲು ಕೂರುತ್ತಿದ್ದಳು.

ಎಂಬತ್ತರ ದಶಕದ ನಡುವೆ ಒಂದು ಭಾನುವಾರ ಟೀಚರ್ ಬರಲಿಲ್ಲ. ಮರುವಾರವೂ ಬರಲಿಲ್ಲ. ನಾವು ನಾಲ್ವರೂ ತಾಳವಾಡಿಗೆ ಹೋದೆವು, ಗೌರಿಯ ಮಗುವನ್ನೂ ಎತ್ತಿಕೊಂಡು. ಟೀಚರ್ ಕಾಮಾಲೆಯಾಗಿ ಮಲಗಿದ್ದರು, ಕಣ್ಣು ಅರಿಸಿನವಾಗಿತ್ತು. ನಾವು ಅವರ ಕೋಣೆ ನೋಡಿದ್ದು ಅದೇ ಮೊದಲು. ಮಂಚ ಬಿಟ್ಟರೆ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ತುಂಬ ಘಟ್ಟದ ನಕ್ಷೆಗಳು, ಹಗ್ಗಕ್ಕೆ ಬಟ್ಟೆಯಂತೆ ನೇತುಹಾಕಿದ ಕಾಗದಗಳು. ಮಣ್ಣಿನಲ್ಲಿ ಮಾಡಿ ಒಣಗಿಸಿದ ಒಂದು ಕೋಟೆ ಕಿಟಕಿಯ ಮೇಲಿತ್ತು. ನಾವು ಕಂಡೇ ಇರದ ಊರುಗಳು ಅಲ್ಲಿ ನಮಗಾಗಿ ಕಾಯುತ್ತಿದ್ದವು. ನಾವು ಬಲಕ್ಕೆ ತಿರುಗಿ ಬಿಟ್ಟುಬಂದ ಊರುಗಳು.

"ಕೆಳನಾಡಿನಲ್ಲಿ ಈ ವಾರ ಜಾತ್ರೆ ನಡೀಬೇಕಿತ್ತು" ಎಂದರು ಟೀಚರ್, ನಮ್ಮಲ್ಲಿ ಕ್ಷಮೆ ಕೇಳುವವರಂತೆ. "ಮಾಡೋಕೆ ಆಗಲಿಲ್ಲ."

ನರ್ಸಮ್ಮ ಅವರ ನಾಡಿ ನೋಡುತ್ತ, "ಎನ್ನ ಟೀಚರ್ ಇದು, ನೀವು ಮಲಗಿ ಮೊದಲು" ಎಂದು ಅರ್ಧ ತಮಿಳಿನಲ್ಲಿ ಗದರಿದರು.

ದೊಡ್ಡವ್ವ ಗೋಡೆಯ ನಕ್ಷೆಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದರು. ವಾಪಸು ಬರುವ ಬಸ್ಸಿನಲ್ಲಿ, "ಈ ಯಮ್ಮ ಗೇಯ್ತಾಳೆ, ನಾವ್ ಉಣ್ತೀವಿ" ಎಂದರು. ಸ್ವಲ್ಪ ದೂರ ಬಂದ ಮೇಲೆ ನನ್ನ ತೊಡೆ ತಟ್ಟಿ ಕೇಳಿದರು, "ಅಲ್ಲಾ ಕಣವ್ವ, ಇವ್ಳು ಯಾವತ್ತಾರ ಒಂದಿನ ಆಡವ್ಳಾ?"

ಅಷ್ಟು ವರ್ಷಗಳಲ್ಲಿ ಟೀಚರ್ ಒಂದು ಸಲವೂ ಆಡಿರಲಿಲ್ಲ. ಮೊರದ ಹಿಂದೆಯೇ ಕೂತಿದ್ದರು.

ಅವರಿಗೆ ಒಂದು ದಿನ ನಾವೇ ಆಟ ನಡೆಸಬೇಕೆಂದು ತೀರ್ಮಾನವಾಯಿತು. ಒಬ್ಬರ ಕೈಲಿ ಆಗುವ ಕೆಲಸವಲ್ಲವೆಂದು ಹಂಚಿಕೊಂಡೆವು. ನಕ್ಷೆ ನನ್ನದು, ನಿಯಮ ನರ್ಸಮ್ಮನದು, ಊರಿನ ಜನ ಗೌರಿಯ ಪಾಲು, ಮಳೆ ಗಾಳಿ ಮತ್ತು ಪ್ರಾಣಿಗಳು ದೊಡ್ಡವ್ವನವು. ಆಗ ಗೊತ್ತಾಯಿತು ಆ ಗೇಯ್ಮೆ ಏನೆಂದು. ನನ್ನ ನಕ್ಷೆಯಲ್ಲಿ ಹೊಳೆ ಗುಡ್ಡ ಹತ್ತಿ ಹರಿಯುತ್ತಿತ್ತು. ಗೌರಿ ಒಬ್ಬ ಅಕ್ಕಸಾಲಿಗನ ಹೆಂಡತಿಗೆ ಇಡೀ ವಂಶಾವಳಿ ಮಾಡಿ, ಊರಿನ ಉಳಿದವರಿಗೆ ಹೆಸರಿಡುವುದನ್ನೇ ಮರೆತಳು. ನರ್ಸಮ್ಮ ನಿಯಮದ ಪುಸ್ತಕವನ್ನು ಟೀಚರಿಂದ ಓದಲೆಂದು ಬೇಡಿ ತಂದು ತಲೆ ಹಿಡಿದುಕೊಂಡು ಕೂತರು. ಪ್ರತಿ ಸಂಜೆ ಜಗಳ. ನಾಲ್ಕು ಜನ ಸೇರಿಯೂ ನಮ್ಮಿಂದ ಒಂದು ಮಧ್ಯಾಹ್ನದ ಆಟ ಕಟ್ಟಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಟೀಚರಿಗೆ ಘಟ್ಟದ ಕೆಳಗೆ, ಬಯಲು ಸೀಮೆಯ ಒಂದು ಶಾಲೆಗೆ ವರ್ಗವಾಯಿತು. ಅಲ್ಲಿಂದ ಅವರು ಬರೆದ ಕಾಗದಗಳಲ್ಲಿ ಬಿಸಿಲಿನ ವಿಷಯ ಇರುತ್ತಿತ್ತು, ಮಕ್ಕಳ ವಿಷಯ ಇರುತ್ತಿತ್ತು. ಆಡುವವರು ಸಿಕ್ಕರೇ ಎಂದು ಕೇಳಿದರೆ, ಹುಡುಕುತ್ತಿದ್ದೇನೆ ಎನ್ನುತ್ತಿದ್ದರು. ಸಿಕ್ಕರೆಂದು ಎಂದೂ ಬರೆಯಲಿಲ್ಲ. ನಾವು ನಾಲ್ವರೂ ಆಮೇಲೆ ಆಡಲಿಲ್ಲ. ನಡೆಸುವವರಿಲ್ಲದೆ ಆಡುವುದು ಹೇಗೆ?

ಆದರೆ ಅವರು ಹೊರಡುವ ಮುಂಚಿನ ಭಾನುವಾರ ಆಟ ನಡೆಯಿತು. ನಮ್ಮ ತಯಾರಿ ಅರೆಬರೆಯಾಗಿತ್ತು. ಟೀಚರ್ ಎಂದಿನಂತೆ ಮೊರದ ಕಡೆಗೆ ಹೋದರು. ದೊಡ್ಡವ್ವ ಅಡ್ಡ ನಿಂತು, "ಆ ಕಡೆ ಓಗು. ಇವತ್ ನೀನು ಆಡೋಳು" ಎಂದರು. ಟೀಚರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿ, ನಮ್ಮೆದುರು ಚಾಪೆಯ ಮೇಲೆ ಕೂತರು, ಮೊದಲ ದಿನ ಶಾಲೆಗೆ ಬಂದವರಂತೆ ಕಾಲು ಮಡಿಚಿಕೊಂಡು.

"ಯಾವ ಪಾತ್ರ ಟೀಚರ್?" ಎಂದೆ.

ಅವರು ಯೋಚಿಸಲೇ ಇಲ್ಲ. ಉತ್ತರ ವರ್ಷಗಳಿಂದ ಸಿದ್ಧವಿದ್ದಂತಿತ್ತು. "ಬಳೆ ಮಾರೋಳು. ಅವಳಿಗೆ ಲೆಕ್ಕ ಬರಲ್ಲ. ಬರೆದುಕೊಳ್ಳಿ" ಎಂದರು.

ಆ ಮಧ್ಯಾಹ್ನ ನಾವು ಕಂಡ ಟೀಚರ್ ಬೇರೆಯೇ. ಬಳೆಗಾತಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಬಳೆ ಪುಕ್ಕಟೆ ತೊಡಿಸಿದಳು. ಹೋಗಬೇಡವೆಂದ ಕಡೆಗೇ ಹೋದಳು. ನರ್ಸಮ್ಮ ನಿಯಮ ಹೇಳಿದರೆ, "ಹಾಗೇನಿಲ್ಲ, ಇನ್ನೊಂದು ಪುಟ ನೋಡಿ" ಎಂದು ವಾದಿಸಿದಳು. ಸೋತ ದಾಳವನ್ನು "ಇದು ಚಾಪೆಯ ಮಡಿಕೆಗೆ ತಾಗಿತು, ಲೆಕ್ಕಕ್ಕಿಲ್ಲ" ಎಂದು ಮತ್ತೆ ಎಸೆದಳು. "ಯಮ್ಮಾ, ಇದು ಮೋಸ ಕಣ!" ಎಂದು ದೊಡ್ಡವ್ವ ನಡುಮನೆಯವರ ನಿದ್ದೆಯನ್ನೂ ಮರೆತು ಕೂಗಿದರೆ, ಬಾಯಿಗೆ ಸೆರಗು ಹಿಡಿದು ಕುಲುಕಿ ಕುಲುಕಿ ನಕ್ಕಳು. ನಮ್ಮ ನಕ್ಷೆ ಬೇಗ ಮುಗಿದುಹೋಯಿತು. ಆಮೇಲೆ ನಾವು ಬಾಯಿಗೆ ಬಂದದ್ದನ್ನು ಹೇಳುತ್ತ ಹೋದೆವು. ಕಾಡಿನಲ್ಲಿ ದೊಡ್ಡವ್ವ ಆನೆಯಾದರು. ಕಿವಿಯಂತೆ ಎರಡು ಕೈಯನ್ನೂ ನಿಧಾನವಾಗಿ ಬೀಸುತ್ತ, ಏನೂ ಮಾಡದೆ, ಸುಮ್ಮನೆ ಬಳೆಗಾತಿಯನ್ನು ನೋಡುತ್ತ ನಿಂತರು. ಟೀಚರ್‌ಗೆ ನಿಜವಾಗಿ ಬೆವರು ಬಂತು. ಉಸಿರು ಬಿಗಿಹಿಡಿದು, "ನಾನು ಕದಲಲ್ಲ" ಎಂದು ಪಿಸುಗುಟ್ಟಿದರು.

ಬಿಸಿಲು ಇಳಿದದ್ದು ನಮಗೆ ತಿಳಿಯಲಿಲ್ಲ. ರಸ್ತೆಯಲ್ಲಿ ತಾಳವಾಡಿಯ ಕೊನೆಯ ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು. ಟೀಚರ್ ಏಳಬಹುದೆಂದು ಕಾದೆವು. ಅವರು ತಲೆಯನ್ನೂ ಎತ್ತಲಿಲ್ಲ. ಹಾರ್ನು ಮತ್ತೆ ಬಂತು. ಟೀಚರನ್ನು ಬಲ್ಲ ಕಂಡಕ್ಟರು ಇಳಿದು ಹಿತ್ತಿಲ ಬೇಲಿಯವರೆಗೂ ಬಂದು, "ಟೀಚರ್ ಬರಲ್ವಾ?" ಎಂದು ಕೂಗಿದ.

ದೊಡ್ಡವ್ವ ಆನೆಯ ಕಿವಿಯನ್ನು ಬೀಸುವುದು ನಿಲ್ಲಿಸದೆಯೇ ಅವನ ಕಡೆ ತಿರುಗಿ ಹೇಳಿದರು:

"ಟೀಚರಮ್ಮ ಇನ್ನೂ ಕಾಡಲ್ಲವ್ಳೆ ಕಣಪ್ಪ. ನಾಳಕ್ ಬತ್ತಾಳೆ. ನೀ ಓಗು."